ಯಾರೂ ಕೇಳದ ನೀಲಿ ಗಾಡಿ

ತುರುವನೂರಿನ ಕುರಿ ವ್ಯಾಪಾರಿ ಚಿತ್ರಲಿಂಗಪ್ಪನಿಗೆ ಒಂದು ಕಾಯಿಲೆ ಇತ್ತು. ಯಾವ ವಸ್ತು ಕೈಗೆ ಬಂದರೂ ಮೊದಲು ಬಾಯಿಗೆ ಬರುತ್ತಿದ್ದ ಮಾತು ಒಂದೇ: “ಇದನ್ನ ಮಾರಿದ್ರೆ ಎಷ್ಟು ಬರ್ತೈತೆ?” ಮಗಳು ರೋಜಾ ಏಳನೇ ಕ್ಲಾಸಿನಲ್ಲಿ ಸಾಕಿದ್ದ ಮೇಕೆಯನ್ನು ಅದು ಮೈತುಂಬಿಕೊಂಡ ವಾರವೇ ಮಾರಿದ. ಅವಳ ಸೈಕಲ್ ಹತ್ತಿಕೊಂಡು ಭರಮಸಾಗರದ ನೆಂಟರ ಮನೆಗೆ ಹೋದವನು ಅದನ್ನು ಅಲ್ಲೇ ಮಾರಿ ಬಸ್ಸಿನಲ್ಲಿ ಬಂದ. ಹೋದ ವರ್ಷ ಅವಳ ಸ್ಕೂಟರನ್ನು, ಹಿಂದಿನ ದಿನವಷ್ಟೇ ಅವಳು ತುಂಬಿಸಿದ್ದ ಪೆಟ್ರೋಲಿನ ಸಮೇತ ಮಾರಿದ. ಜಗಳಕ್ಕೆ ನಿಂತರೆ, “ಇಂಥ ರೇಟು ಮತ್ತೆ ಬರ್ತಿತ್ತೇನವ್ವ?” ಎಂದು ಅವಳನ್ನೇ ಕೇಳಿದ.

“ಈ ಮನೇಲಿ ಮಾರದೆ ಉಳಿದಿರೋದು ಬೀಸೋಕಲ್ಲು, ಅದು ಬಿಟ್ರೆ ನಾನು,” ಎನ್ನುತ್ತಿದ್ದಳು ರೋಜಾಳ ತಾಯಿ ಉಚ್ಚಂಗಮ್ಮ. “ಎರಡನ್ನೂ ಯಾರೂ ಕೇಳ್ಲಿಲ್ಲ, ಅದಕ್ಕೆ.”

ಹಾಗಂತ ಆ ಮನುಷ್ಯನಿಗೆ ನೀತಿ ನಿಯಮ ಇಲ್ಲವೆಂದಲ್ಲ. ಹಾಲು ಕುಡಿಯುವ ಮರಿಯನ್ನು ತಾಯಿಯಿಂದ ಬಿಡಿಸಿ ಅವನು ಯಾವತ್ತೂ ಮಾರಿದವನಲ್ಲ. ಎಷ್ಟು ಆಸೆ ತೋರಿಸಿದರೂ, “ಜೋಡಿ ಹೊಡ್ಕಂಡು ಹೋಗ್ರಿ, ಇಲ್ಲಾಂದ್ರೆ ಬಿಡ್ರಿ,” ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಅದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಸಂತೆಯ ಸರಕು.

ಇಂಥವನು ಈ ಸಲ ಪಿಕಪ್ ಗಾಡಿ ತೆಗೆದುಕೊಳ್ಳಲು ಹೊರಟಿದ್ದ. ಬಾಡಿಗೆ ಗಾಡಿಯವನು ಮೂರು ಸಂತೆಗೆ ಕೈಕೊಟ್ಟಿದ್ದ. ರೋಜಾ ಮೊದಲನೇ ಸಲಕ್ಕೇ ಲೈಸೆನ್ಸ್ ಪಾಸು ಮಾಡಿಕೊಂಡಿದ್ದಳು. ಡ್ರೈವರ್ ಸಂಬಳ ಉಳಿಯುತ್ತದೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಅಪ್ಪ ಒಪ್ಪಿಕೊಂಡ. ರೋಜಾಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ದುರ್ಗದ ಬಟ್ಟೆ ಅಂಗಡಿಯಲ್ಲಿ ಆರು ತಿಂಗಳಿಂದ ಗಿರಾಕಿಗಳು ಬಿಚ್ಚಿಸಿ ಬಿಸಾಕಿದ ಸೀರೆ ಮಡಿಸಿ ಮಡಿಸಿ ಸಾಕಾಗಿತ್ತು ಅವಳಿಗೆ. ಬೆಳಗಾದರೆ ಸ್ಟೇರಿಂಗ್ ಹಿಡಿದು ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಅಂತ ಸಂತೆ ಸುತ್ತುವುದೆಂದರೆ ಅದಕ್ಕಿಂತ ಇನ್ನೇನು ಬೇಕು? ಅವಳ ಒಂದೇ ಒಂದು ಹೆದರಿಕೆ ಎಂದರೆ, ಅಪ್ಪ ಗಾಡಿ ಕೊಳ್ಳುವುದೇನೋ ಸರಿ, ಎಷ್ಟು ವಾರ ಇಟ್ಟುಕೊಳ್ಳುತ್ತಾನೆ ಎನ್ನುವುದು.

ದುರ್ಗದ ಬೈಪಾಸಿನಲ್ಲಿ ಹಳೇ ಗಾಡಿ ಮಾರಿಸುವ ಬ್ರೋಕರ್ ಜುಂಜಪ್ಪನ ಹತ್ತಿರ ಎರಡು ಪಿಕಪ್ ನಿಂತಿದ್ದವು, ಒಂದು ಬಿಳಿ, ಒಂದು ನೀಲಿ. ಬಿಳಿಯದು ಮದುವೆಗೆ ಹೊರಟಂತೆ ಮಿರಿಮಿರಿ ಮಿಂಚುತ್ತಿತ್ತು. ನೀಲಿಯದರ ಬಣ್ಣ ಯಾವ ಕಾಲದಲ್ಲಿ ನೀಲಿ ಇತ್ತೋ ದೇವರೇ ಬಲ್ಲ. ಅದರ ಎಡಗಡೆಯ ಬಾಗಿಲಿಗೆ ಒಂದು ಗುದ್ದು ಕೊಟ್ಟರೆ ಮಾತ್ರ ತೆರೆಯುತ್ತಿತ್ತು.

ಚಿತ್ರಲಿಂಗಪ್ಪ ಕುರಿಯ ಹಲ್ಲು ನೋಡುವವನಂತೆ ಎರಡರ ಬಾನೆಟ್ಟನ್ನೂ ಎತ್ತಿ ಒಳಗೆ ಇಣುಕಿದ. ಅಲ್ಲೇ ಎಣ್ಣೆ ಕೈ ಒರೆಸುತ್ತ ನಿಂತಿದ್ದ ಮೆಕ್ಯಾನಿಕ್ಕನನ್ನು ಯಾವುದು ಒಳ್ಳೇದಪ್ಪ ಎಂದು ಕೇಳಿದ.

“ನೋಡ್ರಿ ಯಜಮಾನ್ರೆ, ಬಿಳೀದಕ್ಕೆ ಮಾರ್ಕೆಟ್ ಐತೆ, ನೀಲೀದಕ್ಕೆ ಇಂಜಿನ್ ಐತೆ. ನೀಲೀದು ಎಲ್ಲೂ ನಿಲ್ಲಲ್ಲ, ಅಂಥ ಗಟ್ಟಿ. ಆದ್ರೆ ಆ ಮಾಡೆಲ್ಲೇ ಕಂಪನಿಯೋರು ನಿಲ್ಸಿಬಿಟ್ಟವ್ರೆ. ಮಾರೋಕೆ ಹೋದ್ರೆ ನಾಯೀನೂ ಮೂಸಲ್ಲ.”

ಜುಂಜಪ್ಪ ಮೆಕ್ಯಾನಿಕ್ಕನನ್ನು ದುರುಗುಟ್ಟಿ ನೋಡಿ, ಬಿಳಿಯದಕ್ಕೆ ನಾಲ್ಕು ಮುಕ್ಕಾಲು ಲಕ್ಷ, ನೀಲಿಯದಕ್ಕೆ ಮೂರು ಲಕ್ಷ ಎಂದ. ಮಾತಿಗೆ ಮಾತು, ಸಂಜೆಯವರೆಗೆ ಈ ರೇಟಿನಿಂದ ಮೇಲೇರುವುದಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿದ. ಅದೇ ಅವನು ಮಾಡಿದ ತಪ್ಪು.

“ಗಾಡಿ ಗುಣ ಮೆಕ್ಯಾನಿಕ್ ಹೇಳ್ದ,” ಎಂದ ಚಿತ್ರಲಿಂಗಪ್ಪ. “ರೇಟು ಸಂತೆ ಹೇಳ್ಬೇಕು. ಹಿರಿಯೂರ ತಂಕ ಒಂದು ಟ್ರಯಲ್ ನೋಡಾಣ, ಎರಡನ್ನೂ ತಗಂಡು ನಡೀರಿ.”

ಅಂತೂ ಮೆರವಣಿಗೆ ಹೊರಟಿತು. ಮುಂದೆ ಬಿಳಿ ಗಾಡಿಯಲ್ಲಿ ರೋಜಾ, ಪಕ್ಕದಲ್ಲಿ ಅಪ್ಪ. ಹಿಂದೆ ನೀಲಿ ಗಾಡಿಯಲ್ಲಿ ಜುಂಜಪ್ಪ, ತನ್ನ ಬಿಳಿ ಗಾಡಿಯ ಮೇಲೆ ಕಣ್ಣಿಟ್ಟುಕೊಂಡು. ಹೈವೇ ಹತ್ತಿದ ಕೂಡಲೆ ರೋಜಾಗೆ ಸುಮ್ಮಸುಮ್ಮನೆ ನಗು ಬರತೊಡಗಿತು. ಗುಡ್ಡದ ಮೇಲಿನ ಗಾಳಿ ಯಂತ್ರಗಳು ತಿರುಗುತ್ತಿದ್ದವು, ಅವಳ ತಲೆಯೂ ಹಗುರವಾಗಿ ತಿರುಗುತ್ತಿತ್ತು. ಹಾರ್ನ್ ಮಾಡಲು ಏನೂ ಕಾರಣವಿಲ್ಲದ ಕಡೆ ಎರಡು ಸಲ ಹಾರ್ನ್ ಮಾಡಿದಳು. ಬಟ್ಟೆ ಅಂಗಡಿಯ ಅಷ್ಟೂ ಸೀರೆ ಬಿಚ್ಚಿಕೊಂಡು ಬಿದ್ದಿರಲಿ, ಇನ್ನು ತಾನು ಆ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಳು.

ಹಿರಿಯೂರಿನ ಕುರಿ ಸಂತೆಯ ಬಾಯಲ್ಲಿ ಎರಡೂ ಗಾಡಿ ನಿಂತವು. ಚಿತ್ರಲಿಂಗಪ್ಪ ಇಳಿದವನೇ ಬಿಳಿ ಗಾಡಿಗೆ ಒರಗಿ, ಬಲಗೈ ಮೇಲೆ ಟವೆಲ್ ಹಾಸಿಕೊಂಡು ನಿಂತ. ಕುರಿ ಸಂತೆಯಲ್ಲಿ ಟವೆಲ್ ಹಾಸಿ ನಿಂತರೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೊಳ್ಳುವವನು ಬಂದು ಅದರಡಿ ಕೈ ತೂರಿಸುತ್ತಾನೆ. ಬೆರಳು ಹಿಡಿದು, ಮಡಿಸಿ, ಬೆರಳಲ್ಲೇ ರೇಟು ಹೇಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಟವೆಲ್ ಮಾತ್ರ. ಒಪ್ಪಿಗೆಯಾಗಿ ಅಂಗೈಗೆ ಅಂಗೈ ತಟ್ಟಿದರೋ, ಮುಗಿಯಿತು, ಹೆತ್ತಪ್ಪ ಬಂದರೂ ಮಾತು ತಿರುಗುವಂತಿಲ್ಲ.

“ಅಪ್ಪ, ಇದು ನಮ್ಮ ಗಾಡಿ ಅಲ್ಲ,” ಎಂದಳು ರೋಜಾ ಮೆಲ್ಲಗೆ.

“ಮಾರ್ತಿಲ್ಲ ಕಣವ್ವ. ಸುಮ್ನೆ ರೇಟು ಕೇಳ್ತಿದೀನಿ.”

ಬಿಳಿ ಗಾಡಿಯ ಸುತ್ತ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ ಮುತ್ತಿದರು. ಒಬ್ಬ ಟೈರು ಒದ್ದ, ಇನ್ನೊಬ್ಬ ಹಿಂದೆ ಹತ್ತಿ ಕುಣಿದು ನೋಡಿದ. ಟವೆಲ್ಲಿನಡಿ ಕೈಯ ಮೇಲೆ ಕೈ ಹೋಗಿ ಬಂತು. ಐದು ಹೆಜ್ಜೆ ಆಚೆ ನಿಂತಿದ್ದ ನೀಲಿ ಗಾಡಿಯ ಕಡೆ ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲ. ಅದರ ನೆರಳಲ್ಲಿ ಒಂದು ಟಗರು ಮಾತ್ರ ಮಲಗಿತ್ತು.

ಅಷ್ಟರಲ್ಲಿ ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿ ಕಾಟಲಿಂಗಪ್ಪ ಬಂದ. ಮಗನ ಬೀಗರೂಟಕ್ಕೆ ಟಗರು ಹುಡುಕುತ್ತ ಬಂದವನು ಬಿಳಿ ಗಾಡಿ ನೋಡಿ ಟಗರನ್ನೇ ಮರೆತ. ಅವನ ದಪ್ಪ ಕೈ ಟವೆಲ್ಲಿನಡಿ ಹೋಯಿತು. ಚಿತ್ರಲಿಂಗಪ್ಪನ ಹುಬ್ಬು ಮೇಲಕ್ಕೆ ಹೋಯಿತು. ರೋಜಾ ಆ ಹುಬ್ಬನ್ನು ಬಲ್ಲಳು. ಸ್ಕೂಟರ್ ಹೋದ ದಿನವೂ ಅದು ಅಷ್ಟೇ ಮೇಲೆ ಹೋಗಿತ್ತು.

“ಅಪ್ಪ, ಬ್ಯಾಡ...”

ಪಟ್ಟನೆ ಅಂಗೈಗೆ ಅಂಗೈ ತಟ್ಟಿತು.

ತನ್ನದಲ್ಲದ ಗಾಡಿಯನ್ನು ಚಿತ್ರಲಿಂಗಪ್ಪ ಮಾರಿಬಿಟ್ಟಿದ್ದ. ಒಂದು ಕ್ಷಣ ಅವನಿಗೂ ಏನು ಮಾಡಿದೆನೆಂದು ಹೊಳೆಯಲಿಲ್ಲ. ಆಮೇಲೆ ತಿರುಗಿ ಜುಂಜಪ್ಪನಿಗೆ, “ಬೆಳಿಗ್ಗೆ ಹೇಳಿದ ರೇಟಿಗೆ ನಾನು ತಗಂಡೆ. ಮಾತಿಗೆ ಮಾತು ಅಂದಿದ್ರಿ,” ಎಂದ. ಜುಂಜಪ್ಪ ಎದೆ ಮುಟ್ಟಿ ಹೇಳಿದ್ದವನು, ಉಗುಳುವಂತಿಲ್ಲ, ನುಂಗುವಂತಿಲ್ಲ. ಟವೆಲ್ಲಿನಡಿ ಎಷ್ಟಕ್ಕೆ ಕುದುರಿತು, ಅದಾದರೂ ಹೇಳ್ರಿ ಎಂದು ಗೋಗರೆದ. ಚಿತ್ರಲಿಂಗಪ್ಪ ಟವೆಲ್ಲಿನಿಂದ ಬೆವರು ಒರೆಸಿಕೊಂಡನೇ ಹೊರತು ಬಾಯಿ ಬಿಡಲಿಲ್ಲ.

ರೋಜಾಗೆ ಅಳು ಬಂತು, ಸಿಟ್ಟು ಬಂತು. ಈ ಸಲ ಅಪ್ಪ ಹಳೆಯ ದಾಖಲೆಯನ್ನೂ ಮುರಿದಿದ್ದ, ಕೊಳ್ಳುವ ಮೊದಲೇ ಮಾರಿದ್ದ. ಸೀರೆಗಳೆಲ್ಲ ಕಣ್ಣ ಮುಂದೆ ಬಂದು ಮಡಿಸು ಮಡಿಸು ಎಂದವು. ಮುಖ ತಿರುಗಿಸಿಕೊಂಡಾಗ ಕಂಡದ್ದು ನೀಲಿ ಗಾಡಿ. ಅದರ ನೆರಳಿನ ಟಗರು ಇನ್ನೂ ಹಾಯಾಗಿ ಮೆಲುಕು ಹಾಕುತ್ತಿತ್ತು. ಇಷ್ಟು ದೊಡ್ಡ ಸಂತೆಯಲ್ಲಿ ಆ ಗಾಡಿಯ ರೇಟು ಒಬ್ಬರೂ ಕೇಳಿಲ್ಲ ಎಂಬುದು ಅವಳಿಗೆ ಆಗ ಸರಿಯಾಗಿ ಹೊಳೆಯಿತು. ಬೀಸೋಕಲ್ಲು ನೆನಪಾಯಿತು. ಅವ್ವ ನೆನಪಾದಳು. ಅಳುತ್ತಿದ್ದವಳು ಕಣ್ಣಲ್ಲಿ ನೀರು ಇರುವಾಗಲೇ ನಕ್ಕುಬಿಟ್ಟಳು.

“ಅಪ್ಪ, ಬಂದ ಲಾಭಾನೂ ಹಾಕಿ ನೀಲೀದು ತಗಳಾಣ,” ಎಂದಳು.

“ಯಾರೂ ಕೇಳಲ್ಲಲ್ಲೇ ಅದನ್ನ.”

“ಯಾರೂ ಕೇಳಲ್ಲ ಅಂತ ಜುಂಜಪ್ಪಣ್ಣನೂ ಈಗ ಕಣ್ಣಾರೆ ನೋಡವ್ನೆ. ಎಷ್ಟಕ್ಕೆ ಕೇಳಿದ್ರೂ ಕೊಡ್ತಾನೆ.”

ಅಪ್ಪ ಮಗಳನ್ನು ಮೇಲಿಂದ ಕೆಳಗೆ ನೋಡಿದ. ತನ್ನ ರಕ್ತ ಇಲ್ಲಿಗೆ ಹರಿದಿದೆ ಎಂದು ಅವನಿಗೆ ಮೊದಲ ಸಲ ಖಾತ್ರಿಯಾದ ಹಾಗಿತ್ತು. ಟವೆಲ್ ಮತ್ತೆ ಬಿಚ್ಚಿಕೊಂಡಿತು. ಸಂಜೆ ರೋಜಾ ನೀಲಿ ಗಾಡಿಯ ಬಾಗಿಲಿಗೆ ಒಂದು ಗುದ್ದು ಕೊಟ್ಟು ಅಪ್ಪನನ್ನು ಹತ್ತಿಸಿಕೊಂಡಳು. ಸ್ಟೇರಿಂಗ್ ಭಾರ, ಸೀಟು ಗಟ್ಟಿ, ಹಾರ್ನ್ ಕೋಣ ಕೂಗಿದಂತೆ. ಮುಟ್ಟಿದರೆ ಸ್ಟಾರ್ಟ್. ದುರ್ಗ ಬರುವ ತನಕ ಅವಳು ಹಾರ್ನ್ ಮಾಡುತ್ತಲೇ ಬಂದಳು. ಇದನ್ನು ಅಪ್ಪ ಮಾರುವಂತಿಲ್ಲ, ಯಾಕೆಂದರೆ ಕೊಳ್ಳುವ ಗಂಡಸು ಈ ಜಿಲ್ಲೆಯಲ್ಲಿಲ್ಲ ಎಂಬ ಖುಷಿ ಅವಳಿಗೆ.

ನಾಲ್ಕು ತಿಂಗಳು ನೀಲಿ ಗಾಡಿ ಒಂದು ದಿನವೂ ಕೆಟ್ಟು ನಿಲ್ಲಲಿಲ್ಲ. ಭೀಮಸಮುದ್ರದ ತೋಟಕ್ಕೆ ಗೊಬ್ಬರ ಹೊತ್ತಿತು, ಸಂತೆಗಳಿಗೆ ಕುರಿ ಹೊತ್ತಿತು, ಒಂದು ಸಲ ದಾರಿಯಲ್ಲಿ ನಿಂತಿದ್ದ ಹೊಸ ಗಾಡಿಯೊಂದನ್ನು ಹೊಳಲ್ಕೆರೆಯವರೆಗೆ ಹಗ್ಗ ಕಟ್ಟಿ ಎಳೆಯಿತು. ಗಾಡಿಯ ಹಿಂಭಾಗಕ್ಕೆ ರೋಜಾ ಬರೆಸಿದ ಹೆಸರು ‘ಬೀಸೋಕಲ್ಲು’. ಉಚ್ಚಂಗಮ್ಮ ಅದನ್ನು ಓದಿಸಿಕೊಂಡು ಸೆರಗು ಬಾಯಿಗಿಟ್ಟು ನಕ್ಕಳು.

ಆಮೇಲೊಂದು ದಿನ ಹೊಸದುರ್ಗದ ಸಂತೆಯಲ್ಲಿ ಕಾಟಲಿಂಗಪ್ಪ ಎದುರಾದ. ಬಿಳಿ ಗಾಡಿ ಎಲ್ಲಿ ಎಂದು ಕೇಳಿದರೆ, “ಒಳ್ಳೆ ರೇಟು ಬಂತು, ಮಾರಿದೆ. ತಗಂಡೋನೂ ಮಾರಿದ್ನಂತೆ,” ಎಂದ. ಕಾಯಿ ಹೊರಲು ಈಗ ಅವನಿಗೆ ಗಾಡಿಯೇ ಇರಲಿಲ್ಲ. ನೀಲಿ ಗಾಡಿಯನ್ನು ಒಂದು ಸುತ್ತು ಹಾಕಿ, “ಇದು ಆ ಹೊಸ ಗಾಡಿ ಎಳೆದಿದ್ದು ನಾನೇ ನೋಡಿದೀನಿ. ಟವೆಲ್ ಹಾಸ್ರಿ,” ಎಂದ.

ರೋಜಾ ಲೆಕ್ಕ ಹಾಕಿದ್ದೆಲ್ಲ ಒಂದು ಮಾತಿಗೆ ತಲೆಕೆಳಗಾಯಿತು. ಅಪ್ಪನ ಟವೆಲ್ ಹೆಗಲಿನಿಂದ ಜಾರಿ ಕೈ ಮೇಲೆ ಬಂತು. ಅದರಡಿ ಎರಡು ಕೈ ಬಹಳ ಹೊತ್ತು ಅಲುಗಿದವು. ಹುಬ್ಬು ಮೇಲೆ ಹೋಯಿತು. ಇನ್ನೂ ಮೇಲೆ ಹೋಯಿತು. ಅಷ್ಟು ಮೇಲೆ ಅದು ಹೋಗಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವಳು ಗಾಡಿಯ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಳು.

ಚಿತ್ರಲಿಂಗಪ್ಪ ಕೈ ಹೊರಗೆಳೆದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಬಾಗಿಲಿಗೆ ಗುದ್ದು ಕೊಟ್ಟು, ಹತ್ತಿ ಕೂತು, “ಹೋಗಾಣ ನಡಿಯವ್ವ,” ಎಂದ.

ರೋಜಾ ಗಾಡಿಯನ್ನು ಊರು ದಾಟಿಸಿದಳು. ಆಮೇಲೆ ಕೇಳಿದಳು: “ಎಷ್ಟಕ್ಕೆ ಕೇಳಿದ?”

“ಕೊಟ್ಟಿದ್ದರ ಎರಡರಷ್ಟಕ್ಕೆ.”

“ಮತ್ತೆ ಯಾಕೆ ಕೊಡ್ಲಿಲ್ಲ?”

“ಬರೀ ಗಾಡಿ ಕೇಳಿದ ಕಣೆ,” ಎಂದ ಅಪ್ಪ, ಕಿಟಕಿಯಾಚೆ ನೋಡುತ್ತ. “ತಾಯಿ ಮರಿ ಬಿಡಿಸಿ ನಾನು ಯಾವತ್ತಾದ್ರೂ ಮಾರಿದೀನೇನು?”

ಮುಂದೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೂ ರೋಜಾ ಹೊಳಲ್ಕೆರೆ ಬರುವ ತನಕ ಕೋಣದ ಹಾರ್ನ್ ಮಾಡಿಕೊಂಡೇ ಹೋದಳು.