ಆರು ಗೀಟಿನ ಮೌನ

ಹನ್ನೊಂದೋ ಹನ್ನೆರಡೋ, ಎಣಿಕೆ ತಪ್ಪಿತು, ಅಕ್ಕ ಮಾತು ಮರೆತರೋ ಅಥವಾ ಬೇಕೆಂದೇ ಸುಮ್ಮನಿದ್ದಾರೋ — ನಾಟಕದ ಪ್ರತಿಯಲ್ಲಿ ಈ ಜಾಗಕ್ಕೆ ನಾನೇ ಪೆನ್ಸಿಲಿನಲ್ಲಿ ಆರು ಗೀಟು ಎಳೆದಿದ್ದೇನೆ, ಗೀಟಿಗೊಂದು ಎಣಿಕೆ, ಆರು ಮುಗಿದ ಮೇಲೆ ಈ ಕಿಟಕಿ ಯಾರು ತೆಗೆದಿದ್ದು ಅಂತ ಅಕ್ಕ ಅನ್ನಬೇಕು, ನಾಲ್ಕೇ ಪದ, ಪದಗಳ ಕೆಳಗೆ ನನ್ನ ಬೆರಳು, ಬೆರಳಿನ ಮೇಲೆ ಪುಟ್ಟ ಟಾರ್ಚಿನ ಬೆಳಕು, ಅಲ್ಲಿ ರಂಗದ ಮೇಲೆ ಅಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಾರೆ, ಹದಿಮೂರು, ಉಂಗುರ ತಿರುಗುತ್ತಿಲ್ಲ. ಹೆಬ್ಬೆರಳಿನಿಂದ ಉಂಗುರ ತಿರುಗಿಸಿದರೆ ಮಾತು ಮರೆತಿದೆ ಎಂದರ್ಥ, ಆಗ ನಾನು ಆ ಮಾತನ್ನು ಪಿಸುಗುಟ್ಟಿ ಕೊಡಬೇಕು, ತಿರುಗಿಸದಿದ್ದರೆ ಆಕಾಶ ಬಿದ್ದರೂ ಬಾಯಿ ಬಿಡಬಾರದು, ಇದು ನಮ್ಮಿಬ್ಬರ ಕರಾರು, ಅಕ್ಕ ಸಿನಿಮಾದಿಂದ ರಂಗಕ್ಕೆ ಮರಳಿದ ದಿನ ಮಾಡಿಕೊಂಡದ್ದು. ನಿರ್ದೇಶಕರು ಕಿವಿಯಲ್ಲಿ ಇಟ್ಟುಕೊಳ್ಳುವ ಸಣ್ಣ ಯಂತ್ರ ತಂದು ಮೇಡಂ ಈಗ ಎಲ್ಲರೂ ಇದನ್ನೇ ಹಾಕಿಕೊಳ್ತಾರೆ ಅಂದಾಗ ಅಕ್ಕ ಅದನ್ನು ಸತ್ತ ಜೀರುಂಡೆಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, ಪಿಸು ನನ್ನ ಕಿವಿಯೊಳಗೇ ಬಂದು ಕೂತುಬಿಟ್ಟರೆ ನಾನೆಲ್ಲಪ್ಪಾ ಕೂರಲಿ ಅಂದರು. ಪಿಸು ಅಂದರೆ ನಾನು, ನಲವತ್ತು ವರ್ಷ ಪರದೆಯ ಪಕ್ಕ ಕೂತು ಪಿಸುಗುಟ್ಟಿದ ಪ್ರಾಂಪ್ಟರನಿಗೆ ಬೇರೆ ಹೆಸರು ಉಳಿಯುವುದಿಲ್ಲ, ಒಮ್ಮೆ ನನ್ನ ಹೆಂಡತಿಯೇ ನಾಟಕ ಕಂಪನಿಗೆ ಫೋನು ಮಾಡಿ ಪಿಸು ಇದ್ದಾರಾ ಅಂತ ಕೇಳಿದ್ದಳು. ಅಕ್ಕ ನನಗಿಂತ ಎರಡೇ ವರ್ಷ ದೊಡ್ಡವರು, ರಕ್ತಸಂಬಂಧವಿಲ್ಲ, ಮೊದಲ ದಿನ ಅಕ್ಕ ಅಂದೆ, ಹಾಗೇ ಉಳಿಯಿತು.

ಉಂಗುರವೂ ಸಡಿಲ, ಹೋದ ತಿಂಗಳು ತಾಲೀಮಿನಲ್ಲಿ ಬೆರಳಿನಿಂದ ಜಾರಿ ಉರುಳಿಕೊಂಡು ಮುಂದಿನ ಸಾಲಿನ ಕುರ್ಚಿಯಡಿ ಸೇರಿತು, ನಾವಿಬ್ಬರೂ ಮಂಡಿಯೂರಿ ಹುಡುಕಿದೆವು, ಮತ್ತೆ ಎದ್ದು ನಿಲ್ಲಲು ಇಬ್ಬರಿಗೂ ಬೇರೆಯವರ ಕೈ ಬೇಕಾಯಿತು, ಮಾರನೇ ದಿನ ಅಕ್ಕನ ಮಗಳು ಉಂಗುರಕ್ಕೆ ಕೆಂಪು ನೂಲು ಸುತ್ತಿ ಕಳಿಸಿದಳು. ಆ ನೂಲು ಬಿಗಿಯಾಗಿ ಉಂಗುರ ತಿರುಗದೇ ಇರಬಹುದಾ, ಇಲ್ಲ, ಮೊದಲ ಅಂಕದಲ್ಲಿ ಎರಡು ಸಲ ತಿರುಗಿತು, ಎರಡು ಸಲ ಕೊಟ್ಟೆ, ಮುಂದಿನ ಸಾಲಿಗೂ ಕೇಳಿಸಲಿಲ್ಲ, ಈಗ ಹೆಬ್ಬೆರಳು ಉಂಗುರದ ಹತ್ತಿರವೂ ಇಲ್ಲ, ಹದಿನೈದು. ಮಧ್ಯಾಹ್ನದ ಆಟ, ಅರ್ಧ ತುಂಬಿದ ಸಭಾಂಗಣ, ಒಬ್ಬರೂ ಕೆಮ್ಮುತ್ತಿಲ್ಲ, ಅವರು ಬಂದಿರುವುದೇ ಇದಕ್ಕೆ, ಮೌನದಲ್ಲಿ ಇವರಷ್ಟು ಮಾತಾಡುವ ನಟಿ ಇನ್ನೊಬ್ಬರಿಲ್ಲ ಎಂದು ಯಾವುದೋ ಪತ್ರಿಕೆ ಬರೆದದ್ದನ್ನು ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸಿದ್ದಾರೆ, ಅದನ್ನು ಓದಿಕೊಂಡೇ ಒಳಗೆ ಬಂದಿದ್ದಾರೆ. ಆ ಮೌನಗಳಲ್ಲಿ ಎಷ್ಟು ಅಭಿನಯದವು, ಎಷ್ಟು ಮರೆವಿನವು ಅಂತ ನನಗೊಬ್ಬನಿಗೇ ಗೊತ್ತು, ಈಗೀಗ ನನಗೂ ಗೊತ್ತಾಗುತ್ತಿಲ್ಲ. ಮೂವತ್ತು ವರ್ಷ ಸಿನಿಮಾ, ಅಲ್ಲಿ ಮರೆತರೆ ಇನ್ನೊಂದು ಟೇಕ್, ಕೊನೆಕೊನೆಗೆ ಮಾತುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಕನ್ನಡಿಯ ಅಂಚಿಗೆ, ಹೂಜಿಯ ಹಿಂದೆ, ಎದುರು ನಿಂತ ನಟನ ಎದೆಗೆ ಅಂಟಿಸುತ್ತಿದ್ದರಂತೆ, ಒಂದು ಚಿತ್ರದಲ್ಲಿ ಮಗನ ಎದೆಯನ್ನೇ ನೋಡುತ್ತಾ ನಿಂತ ತಾಯಿಯ ನೋಟಕ್ಕೆ ಬಹುಮಾನ ಬಂತು, ಅಕ್ಕ ಫೋನು ಮಾಡಿ, ಪಿಸು, ನಾನು ಓದ್ತಾ ಇದ್ದೆ ಕಣೋ, ಕೊನೇ ಸಾಲು ಅವನ ಹೊಟ್ಟೆ ಮೇಲಿತ್ತು, ಅದು ಕಾಣಿಸದೇ ಕಣ್ಣಲ್ಲಿ ನೀರು ಬಂತು ಅಂತ ನಕ್ಕರು. ಆಮೇಲೆ ಬಂದ ಕಥೆಗಳನ್ನೆಲ್ಲ ಬೇಡವೆಂದು ಒಬ್ಬ ಮೂಗಿಯ ಪಾತ್ರ ಒಪ್ಪಿಕೊಂಡರು, ಇಡೀ ಚಿತ್ರದಲ್ಲಿ ಒಂದು ಮಾತಿಲ್ಲ, ಈ ವಯಸ್ಸಿನಲ್ಲಿ ಎಂಥ ಧೈರ್ಯ ಅಂದರು ಎಲ್ಲರೂ, ಅದಕ್ಕೇ ಎಲ್ಲಕ್ಕಿಂತ ದೊಡ್ಡ ಪ್ರಶಸ್ತಿ. ಅಲ್ಲಿಗೇ ನಿಲ್ಲಿಸಬಹುದಿತ್ತು. ಮತ್ತೆ ನಾಟಕ ಯಾಕಕ್ಕಾ ಅಂದೆ, ಅದೂ ಈ ನಾಟಕವೇ ಯಾಕೆ. ಇದೇ ನಾಟಕದಲ್ಲೇ ಅಲ್ವೇನೋ ನನ್ನ ಮಾನ ಹೋಗಿದ್ದು, ಎಲ್ಲಿ ಹೋಯ್ತೋ ಅಲ್ಲಿಂದಲೇ ತಂದ್ಕೋಬೇಕು ಅಂದರು, ನಾನು ಪ್ರತಿಯ ಹಾಳೆಗಳನ್ನು ಸರಿಯಾಗಿ ಜೋಡಿಸಿದೆ, ಅವು ಸರಿಯಾಗಿಯೇ ಇದ್ದವು.

ಹದಿನೇಳು. ಬೆಳಗ್ಗೆ ಅಕ್ಕನ ಮಗಳು ಟೀ ಫ್ಲಾಸ್ಕ್ ಹಿಡಿದುಕೊಂಡು ನನ್ನ ಈ ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು, ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಯಾವ ಮಾತನ್ನೂ ಸುತ್ತಿ ಬಳಸಿ ಆಡುವುದಿಲ್ಲ, ಮಾಮ, ಇದೊಂದು ನಾಟಕ ಮುಗೀಲಿ, ಆಮೇಲೆ ಸಾಕು ಅಂತ ನೀವೇ ಹೇಳ್ಬಿಡಿ, ನನ್ನ ಮಾತು ಕೇಳಲ್ಲ, ನಿಮ್ಮದಾದ್ರೆ ಕೇಳ್ತಾರೆ. ಡಾಕ್ಟರು ಏನಂದ್ರಮ್ಮ ಅಂದೆ. ಡಾಕ್ಟರು ಈಗಿನ ಮರೆವಿನ ಬಗ್ಗೆ ಹೇಳ್ತಾರೆ ಮಾಮ, ಅಮ್ಮ ಹೆದರೋಕೆ ಶುರು ಮಾಡಿದ್ದು ನಾನು ಮೂರನೇ ಕ್ಲಾಸಲ್ಲಿದ್ದಾಗ, ಹಲ್ಲುಜ್ಜೋ ಮುಂಚೆ ನನ್ನ ಎದುರು ಕೂರಿಸ್ಕೊಂಡು ನಮ್ಮ ಬೀದಿಯ ಅಷ್ಟೂ ಮನೆಯವರ ಹೆಸರು ಒಂದು ಕಡೆಯಿಂದ ಹೇಳೋರು, ತಪ್ಪಿದ್ರೆ ಹೇಳೇ ಅನ್ನೋರು, ಒಂದು ದಿನಾನೂ ತಪ್ಪಲಿಲ್ಲ, ಆದ್ರೂ ಮಾರನೇ ದಿನ ಮತ್ತೆ ಶುರು, ಆ ವಯಸ್ಸಿಗೆ ಯಾಕೆ ಅಷ್ಟು ಹೆದರಿದ್ರೋ. ನಾನು ಫ್ಲಾಸ್ಕಿನ ಮುಚ್ಚಳ ಬಿಗಿಯಾಗಿದೆ ಅಂದೆ. ಅವಳು ತೆಗೆದುಕೊಟ್ಟಳು. ಮೂರನೇ ಕ್ಲಾಸು ಅಂದರೆ ಸರಿ, ಮಾನ ಹೋದ ಅದೇ ವರ್ಷ, ಇದೇ ನಾಟಕ, ಆಗ ಅಕ್ಕನದು ಈಗಿನ ಹಾಗೆ ತಾಯಿಯ ಪಾತ್ರವಲ್ಲ, ಮಗಳ ಪಾತ್ರ, ಈಗ ಎದುರಿಗೆ ಸೂಟ್‌ಕೇಸ್ ಹಿಡಿದು ನಿಂತಿದ್ದಾಳಲ್ಲ ಈ ಹುಡುಗಿ, ಅದೇ ಪಾತ್ರ, ಅದೇ ಬಾಗಿಲು, ಆ ಮೌನಕ್ಕೆ ಎಂಟು ಗೀಟು, ಎಂಟು ಕಳೆಯಿತು, ಹತ್ತು, ಹನ್ನೆರಡು, ಅಕ್ಕ ಬಾಯಿ ಬಿಡಲಿಲ್ಲ. ನನಗೆ ಅವರ ಬೆನ್ನು ಕಾಣುತ್ತಿತ್ತು, ಉಸಿರು ಒಂದೇ ಸಮ ಇತ್ತು, ಮರೆತವರ ಉಸಿರು ಹಾಗಿರುವುದಿಲ್ಲ, ಅದು ಭುಜಕ್ಕೆ ಏರುತ್ತದೆ, ಕಿವಿಯ ಹಿಂದೆ ಬೆವರುತ್ತದೆ, ಇದು ನನಗಲ್ಲದೆ ಇನ್ಯಾರಿಗೆ ಗೊತ್ತು. ಅಕ್ಕ ಆ ಮೌನವನ್ನು ಹಿಡಿದುಕೊಂಡಿದ್ದರು, ಇನ್ನಷ್ಟು ಎಳೆಯುತ್ತಿದ್ದರು, ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೂ ತಡೆಯಲಾಗಲಿಲ್ಲ, ಅಷ್ಟೊಂದು ಮೌನದ ಒಳಗೆ ನಾನು ಅದುವರೆಗೆ ಕೂತಿರಲಿಲ್ಲ, ಗಂಟಲಿನಿಂದ ಮಾತು ತಾನಾಗಿ ಹೊರಬಿತ್ತು, ಅದೂ ಪಿಸುಮಾತಲ್ಲ, ಐದು ಸಾಲಿಗೆ ಕೇಳಿಸುವಷ್ಟು ಜೋರು. ಯಾರೋ ಒಬ್ಬ ನಕ್ಕ. ಆಮೇಲೆ ಎಲ್ಲರೂ. ದೀಪ ಆರಿದ ಮೇಲೆ ಅಕ್ಕ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು, ಕೈ ತಣ್ಣಗಿತ್ತು, ನಾನು ಮರೆತುಬಿಟ್ಟಿದ್ನೇನೋ, ನನಗೆ ಗೊತ್ತೇ ಆಗಲಿಲ್ಲ ನೋಡು, ನೀನಿರದಿದ್ರೆ ನನ್ನ ಗತಿ ಏನಾಗ್ತಿತ್ತು ಪಿಸು. ನಟಿ ಮರೆತರೆ ತಾನೇ ಪ್ರಾಂಪ್ಟರ್ ಮಾತಾಡುವುದು, ಅವರು ತಮ್ಮನ್ನು ಬಿಟ್ಟು ನನ್ನನ್ನು ನಂಬಿದರು, ನಾನು ಒಂದು ಲೋಟ ನೀರು ಕೊಟ್ಟೆ. ಮುಂದಿನ ವಾರ ಸಿನಿಮಾಕ್ಕೆ ಸಹಿ. ಯಾವ ಸಂದರ್ಶನದಲ್ಲೂ ಅದೇ ಕಥೆ, ರಂಗದ ಮೇಲೆ ಒಂದು ಸಲ ಮರೆತೆ, ಹೆದರಿ ಸಿನಿಮಾಕ್ಕೆ ಓಡಿಹೋದೆ, ಕೇಳಿದವರು ಎಷ್ಟು ವಿನಯ ಅಂತ ಬರೆದುಕೊಳ್ಳುತ್ತಾರೆ, ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ, ಒಂದು ಡಬ್ಬದ ತುಂಬ ಇವೆ.

ಇಪ್ಪತ್ತು. ಕೊಡಲಾ, ಕೊಟ್ಟು ಮತ್ತೆ ಅದೇ ಆದರೆ, ಇದು ಮೌನವೇ ಆಗಿದ್ದರೆ, ಅವರು ತಂದುಕೊಳ್ಳಲು ಬಂದ ಮಾನ ಇದೇ ಮೌನದಲ್ಲಿದ್ದರೆ. ಅಕ್ಕನ ಮುಖ ಈಗ ಮೆಲ್ಲಗೆ ತಿರುಗುತ್ತಿದೆ, ಎದುರಿನ ಹುಡುಗಿಯ ಕಡೆಗಲ್ಲ, ಕಿಟಕಿಯ ಕಡೆಗಲ್ಲ, ನನ್ನ ಕಡೆಗೆ, ಪರದೆಯ ಪಕ್ಕಕ್ಕೆ ನೋಡಬಾರದು ಎಂದು ಹೊಸಬರಿಗೆಲ್ಲ ಹೇಳಿಕೊಟ್ಟವರೇ ಅವರು, ನೇರ ನನ್ನ ಕಣ್ಣನ್ನೇ ನೋಡುತ್ತಿದ್ದಾರೆ, ಉಸಿರು ಭುಜಕ್ಕೆ ಏರಿದೆಯಾ, ಶಾಲು ಹೊದ್ದಿದ್ದಾರೆ, ಗೊತ್ತಾಗುತ್ತಿಲ್ಲ, ಕೈ ಮಾತ್ರ ಕುರ್ಚಿಯ ಮೇಲೆ ಹಾಗೇ ಇದೆ, ಬೆಳಕಿಗೆ ಕೆಂಪು ನೂಲು ಕಾಣುತ್ತಿದೆ, ತಿರುಗಲಿ, ಒಂದು ಸಲ ತಿರುಗಲಿ, ನಾಲ್ಕು ಪದ ನನ್ನ ಹಲ್ಲಿನ ಹಿಂದೆ ಸಾಲಾಗಿ ನಿಂತಿವೆ, ಇಪ್ಪತ್ತಮೂರು — ಅಷ್ಟರಲ್ಲಿ ಆ ಹುಡುಗಿ ಸೂಟ್‌ಕೇಸ್ ಕೆಳಗಿಟ್ಟು, ಪ್ರತಿಯಲ್ಲಿ ಇಲ್ಲದ ಮಾತು, ಕಿಟಕಿಯಿಂದ ಗಾಳಿ ಬರ್ತಿದೆಯಾ ಅಮ್ಮ ಅಂದಳು. ಈ ಕಿಟಕಿ ಯಾರು ತೆಗೆದಿದ್ದು, ಅಂದರು ಅಕ್ಕ, ಅದೇ ದನಿ, ಅದೇ ಏರಿಳಿತ, ಕತ್ತಲಲ್ಲಿ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು, ಅಂಕದ ಪರದೆ ಬಿದ್ದಾಗ ಚಪ್ಪಾಳೆ ನಿಲ್ಲಲೇ ಇಲ್ಲ, ಪತ್ರಿಕೆಯವರು ಬಂದಿದ್ದರೆ ನಾಳೆ ಇನ್ನೊಂದು ಚೂರು ಗಾಜಿನ ಪೆಟ್ಟಿಗೆಗೆ. ಅಕ್ಕ ಒಳಗೆ ಬಂದು ನನ್ನ ಪಕ್ಕದ ಪೆಟ್ಟಿಗೆಯ ಮೇಲೆ ಕೂತರು, ಕಿವಿಯ ಹಿಂದೆ ಬೆವರಿತ್ತು, ಯಾಕೋ ಕೊಡಲಿಲ್ಲ ಅಂದರು, ಸಿಟ್ಟಿಲ್ಲ, ಬರೀ ಸುಸ್ತು. ನೀವು ಉಂಗುರ ತಿರುಗಿಸಲಿಲ್ಲವಲ್ಲ ಅಕ್ಕ. ಉಂಗುರ, ಅಂದರು, ಕೈ ಎತ್ತಿ ಅದನ್ನೇ ನೋಡಿದರು, ಉಂಗುರ ಯಾಕೆ ತಿರುಗಿಸ್ಬೇಕು. ನಾನು ಟಾರ್ಚ್ ಆರಿಸಿದೆ. ಹೋಗ್ಲಿ ಬಿಡು, ವಯಸ್ಸಾಯ್ತು ನಿನಗೂ, ಆವತ್ತು ನಾನು ಮರೆತಾಗ ಕೇಳದೇನೇ ಕೊಟ್ಟಿದ್ದೆಯಲ್ಲ, ಅಷ್ಟು ಸಾಕು, ನಿನ್ನ ಋಣ ದೊಡ್ಡದು ಕಣೋ ಅಂತ ಆ ಕೈಯನ್ನು ನನ್ನ ಕೈ ಮೇಲೆ ಇಟ್ಟರು, ತಣ್ಣಗಿತ್ತು. ಮುಂದಿನ ಅಂಕಕ್ಕೆ ಹತ್ತು ನಿಮಿಷವಿದೆ, ಪರದೆಯ ಆಚೆ ಕುರ್ಚಿಗಳ ಸದ್ದು, ಇಲ್ಲಿ ನಾವಿಬ್ಬರೇ, ಈಗ ಹೇಳಬಹುದು, ಒಂದು, ಎರಡು, ಮೂರು, ನೀರಿನ ಲೋಟ ಎಲ್ಲಿಟ್ಟೆ, ನಾಲ್ಕು, ಉಂಗುರದಿಂದ ಒಂದು ಎಳೆ ಬಿಚ್ಚಿಕೊಂಡು ನನ್ನ ಬೆರಳಿಗೆ ತಾಗುತ್ತಿದೆ, ಕೆಂಪು ನೂಲು, ಐದು, ಕೆಂಪು ನೂಲು. ಆವತ್ತು ನೀವು ಮರೆತಿರಲಿಲ್ಲ ಎಂದು ನಾನು ಹೇಳಲಿಲ್ಲ.