ನಾಲ್ಕು ಕೆಂಪು ಚುಕ್ಕಿಗಳು

"ಇದು ಅವಳ ತಪ್ಪಲ್ಲ ಒಡೆಸ್ಸಾ," ಎಂದು ಮುಖ್ಯೋಪಾಧ್ಯಾಯಿನಿ ವಿಲ್ಮಾ ಡೆಕ್ಕರ್ ಎರಡನೇ ಸಲ ಹೇಳಿದಳು. "ನಮ್ಮ ಶಾಲೆ ಅವಳಿಗೆ ಹೊಂದ್ತಾ ಇಲ್ಲವೇನೋ ಅಂತ ನನಗನ್ನಿಸ್ತಿದೆ. ಅಷ್ಟೇ." ಹೇಳುತ್ತಲೇ ಟಿಶ್ಯೂ ಡಬ್ಬಿಯನ್ನು ಮೇಜಿನ ಆ ತುದಿಗೆ ಸರಿಸಿದಳು.

ಒಡೆಸ್ಸಾ ಪ್ರುವಿಟ್ ಡಬ್ಬಿಯನ್ನು ಮುಟ್ಟಲಿಲ್ಲ. ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಹೊರಗೆ ಫೆಬ್ರವರಿಯ ಹಿಮ. ಬೂಟುಗಳನ್ನು ಬಾಗಿಲ ಹತ್ತಿರವೇ ಕಳಚಿ, ನೆಲ ಒದ್ದೆಯಾಗದಿರಲೆಂದು ಹಳೆಯ ಪತ್ರಿಕೆಯ ಮೇಲಿಟ್ಟು, ಬರೀ ಕಾಲುಚೀಲದಲ್ಲಿ ಕುಳಿತಿದ್ದಳು. ಆ ನೆಲದ ಬಗ್ಗೆ ಅವಳಿಗೆ ಕಾಳಜಿ ಇತ್ತು. ಶಾಲೆ ತೆರೆದಾಗ ಅದನ್ನು ಮೊದಲು ಉಜ್ಜಿದವಳು ಅವಳೇ.

ವಿಲ್ಮಾಳ ಮುಂದೆ ಒಂದು ಹಾಳೆ ಮಗುಚಿ ಬಿದ್ದಿತ್ತು. ಅದರಲ್ಲಿ ಮೂರನೇ ತರಗತಿಯ ನಲವತ್ತಮೂರು ಮಕ್ಕಳ ಹೆಸರುಗಳು. ನಾಲ್ಕು ಹೆಸರುಗಳ ಪಕ್ಕದಲ್ಲಿ ಕೆಂಪು ಚುಕ್ಕಿ. ಮೂರನೆಯ ಚುಕ್ಕಿ ಒಡೆಸ್ಸಾಳ ಮೊಮ್ಮಗಳು ಟೇವಿಯಾಳದು. ಚುಕ್ಕಿ ಇಟ್ಟವನು ಉಪ ಮುಖ್ಯೋಪಾಧ್ಯಾಯ ಕರ್ಟಿಸ್ ಲೋಮ್ಯಾಕ್ಸ್. ಏಪ್ರಿಲ್‌ನಲ್ಲಿ ನಡೆಯುವ ರಾಜ್ಯದ ಓದಿನ ಪರೀಕ್ಷೆಯಲ್ಲಿ ಈ ನಾಲ್ವರು ತೇರ್ಗಡೆಯಾಗುವುದಿಲ್ಲ ಎಂದು ಅವನು ಲೆಕ್ಕ ಹಾಕಿದ್ದ. ಶಾಲೆ ನಡೆಸಲು ವಿಶ್ವವಿದ್ಯಾಲಯ ಕೊಟ್ಟಿದ್ದ ನಾಲ್ಕು ವರ್ಷದ ಅನುಮತಿ ಪತ್ರ, ಆ ಸನದು, ಈ ಬೇಸಿಗೆಗೆ ಮುಗಿಯುತ್ತಿತ್ತು. ಮೂರನೇ ತರಗತಿಯವರು ಊರಿನ ಉಳಿದ ಶಾಲೆಗಳಿಗಿಂತ ಮೇಲೆ ನಿಲ್ಲದಿದ್ದರೆ ಸನದನ್ನು ಮುಂದುವರಿಸಲಾಗದು ಎಂದು ಅಲ್ಲಿಂದ ಕಾಗದ ಬಂದಿತ್ತು.

"ನಾವು ಯಾರನ್ನೂ ಹೊರಗೆ ಹಾಕ್ತಿಲ್ಲ ಮೇಡಂ. ಹಾಗೆ ಹಾಕೋ ಹಕ್ಕೂ ನಮಗಿಲ್ಲ," ಎಂದು ಹಿಂದಿನ ದಿನ ವಿಲ್ಮಾಳಿಗೆ ಹೇಳಿದ್ದ ಕರ್ಟಿಸ್. "ಬೇರೆ ಶಾಲೆನೂ ಇದೆ ಅಂತ ಮನೆಯವರಿಗೆ ನೆನಪು ಮಾಡ್ತೀವಿ. ನಾಲ್ಕು ಮಕ್ಕಳಿಗೋಸ್ಕರ ಇನ್ನೂರ ಐವತ್ತು ಮಕ್ಕಳ ಶಾಲೆ ಮುಚ್ಚೋದಾ? ನೀವೇ ಹೇಳಿ." ಅವನು ಕೆಟ್ಟವನಲ್ಲ. ಊಟ ತರದ ಮಕ್ಕಳಿಗಾಗಿ ತನ್ನ ಮೇಜಿನ ಖಾನೆಯಲ್ಲಿ ಬಿಸ್ಕತ್ತು ಇಟ್ಟುಕೊಳ್ಳುವವನು.

"ನೀವು ಹೇಳೋ ಆ ಬೇರೆ ಶಾಲೇಲಿ, ಓದೋದು ಕಷ್ಟ ಆಗೋ ಮಕ್ಕಳಿಗೆ ಅಂತ ಬೇರೆ ಟೀಚರ್ ಇದ್ದಾರಾ?" ಒಡೆಸ್ಸಾ ಕೇಳಿದಳು.

"ಇದ್ದಾರೆ."

ಇದ್ದದ್ದು ನಿಜ. ಮೂರು ಶಾಲೆಗಳಿಗೆ ಸೇರಿ ಒಬ್ಬಳು. ಆ ಭಾಗವನ್ನು ವಿಲ್ಮಾ ಹೇಳಲಿಲ್ಲ.

ಒಡೆಸ್ಸಾ ಎದ್ದು, ಮೇಜು ಸುತ್ತಿ ಬಂದು, ವಿಲ್ಮಾಳ ಭುಜದ ಮೇಲೆ ಕೈಯಿಟ್ಟಳು. "ಇಷ್ಟು ಮಕ್ಕಳ ಮಧ್ಯ ನನ್ನ ಟೇವಿ ಬಗ್ಗೆ ಕೂತು ಯೋಚನೆ ಮಾಡಿದ್ರಲ್ಲ ಡಾಕ್ಟ್ರಮ್ಮ. ನೀವು ಹೇಳಿದ್ಮೇಲೆ ಸರೀನೇ ಇರುತ್ತೆ." ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ ಒಂದು ಸಲ ನಕ್ಕಳು. "ನಿಮ್ಮ ಆ ಕಾಫಿ ಯಂತ್ರಾನ ಮಾತ್ರ ಎಸೀರಿ. ಅದು ಕೊಡೋದನ್ನ ಕಾಫಿ ಅಂದ್ರೆ ಬಿಸಿನೀರಿಗೂ ಬೇಜಾರಾಗುತ್ತೆ."

ವಿಲ್ಮಾ ಇಪ್ಪತ್ತು ವರ್ಷ ವಿಶ್ವವಿದ್ಯಾಲಯದಲ್ಲಿ ಮುಂದೆ ಶಿಕ್ಷಕರಾಗುವವರಿಗೆ ಪಾಠ ಹೇಳಿದ್ದಳು. ತಡವಾಗಿ ಓದಲು ಕಲಿಯುವ ಮಕ್ಕಳೇ ಅವಳ ವಿಷಯ. ಅಂಥ ಮಗುವನ್ನು ಕಾಯಬೇಕು, ಗುರುತು ಹಚ್ಚಿ ದೂರ ಇಡಬಾರದು ಎಂದು ಪ್ರತಿ ವರ್ಷವೂ ಹೇಳುತ್ತಿದ್ದಳು. ಐವತ್ತೇಳನೇ ವಯಸ್ಸಿನಲ್ಲಿ, ಬರೀ ಹೇಳಿದ್ದು ಸಾಕು ಎನಿಸಿ, ಕಾರಿನ ಬಿಡಿಭಾಗದ ಕಾರ್ಖಾನೆ ಮುಚ್ಚಿದ್ದ ಆ ಬಡಾವಣೆಯಲ್ಲಿ ಖಾಲಿ ಬಿದ್ದಿದ್ದ ಚರ್ಚಿನ ಹಳೆಯ ಶಾಲೆಗೆ ಬಂದಳು. ಆ ಬಡಾವಣೆಯಲ್ಲಿ ಅವಳಿಗೆ ಮೊದಲು ಬಾಗಿಲು ತೆರೆದವಳು ಒಡೆಸ್ಸಾ. ಸೊಂಟದ ಮೇಲೆ ನಾಲ್ಕು ವರ್ಷದ ಟೇವಿಯಾಳನ್ನು ಕೂರಿಸಿಕೊಂಡು, "ಒಬ್ಬರೇ ಹೋದ್ರೆ ಯಾರೂ ಬಾಗಿಲು ತೆಗೆಯಲ್ಲ ನಿಮಗೆ. ಬಿಲ್ ವಸೂಲಿಗೆ ಬಂದವರ ಥರ ಕಾಣ್ತೀರಿ," ಎಂದು ಹೇಳಿ ಹನ್ನೊಂದು ಬೀದಿಗಳಲ್ಲಿ ಅವಳ ಜೊತೆ ನಡೆದಿದ್ದಳು. ಸನದು ಕೊಡುವ ಸಭೆಯಲ್ಲಿ ಮಗುವನ್ನು ಎತ್ತಿಕೊಂಡೇ ಮಾತಾಡಿದ್ದಳು. ಆವತ್ತು ವಿಶ್ವವಿದ್ಯಾಲಯದ ಮಂಡಳಿಯವರು ವಿಲ್ಮಾಳ ಅರವತ್ತು ಪುಟದ ಯೋಜನೆಯನ್ನು ಎಷ್ಟು ಓದಿದ್ದರೋ. ಒಡೆಸ್ಸಾ ಮಾತಾಡುವಾಗ ಮಾತ್ರ ಎಲ್ಲರೂ ತಲೆ ಎತ್ತಿದ್ದರು.

ಫೆಬ್ರವರಿ ಮುಗಿಯುವುದರೊಳಗೆ ನಾಲ್ಕು ಮಕ್ಕಳೂ ಹೋದರು. ಟೇವಿಯಾ ಹೋಗುವ ದಿನ ಎಲ್ಲ ಟೀಚರುಗಳಿಗೂ ಒಂದೊಂದು ಚೀಟಿ ಕೊಟ್ಟಳು. ವಿಲ್ಮಾಳಿಗೆ ಕೊಟ್ಟದ್ದರಲ್ಲಿ ಅಕ್ಷರ ಇರಲಿಲ್ಲ. ಕನ್ನಡಕ ಹಾಕಿದ ಒಬ್ಬ ಉದ್ದನೆಯ ಹೆಂಗಸಿನ ಚಿತ್ರ ಇತ್ತು.

*

ಜೂನ್ ಮೊದಲ ವಾರ ವಿಶ್ವವಿದ್ಯಾಲಯದ ಮಂಡಳಿ ಸಭೆ ಸೇರಿತು. ಪರೀಕ್ಷೆಯ ಮೊದಲ ಅಂಕಗಳು ಬಂದಿದ್ದವು. ಮೂರನೇ ತರಗತಿ ಊರಿನ ಶಾಲೆಗಳಿಗಿಂತ ಮೇಲಿತ್ತು, ಸ್ವಲ್ಪವೇ ಮೇಲೆ. ಕರ್ಟಿಸ್ ಹೊಸ ಟೈ ಕಟ್ಟಿಕೊಂಡು ಬಂದಿದ್ದ. ವಿಲ್ಮಾ ಮುಂದಿನ ಸಾಲಿನಲ್ಲಿ ಕುಳಿತಳು.

ಗೋಡೆಯ ಪಕ್ಕ ಕಾಫಿ ಗಾಡಿಯ ಹಿಂದೆ, ಕಪ್ಪು ಏಪ್ರನ್ ಕಟ್ಟಿಕೊಂಡು, ಒಡೆಸ್ಸಾ ನಿಂತಿದ್ದಳು.

ವಿಲ್ಮಾ ನೋಡಿದ್ದನ್ನು ನೋಡಿ ಒಂದು ಲೋಟ ಹಿಡಿದು ಬಂದಳು. "ಈ ಸಭೆಯ ಕೆಲಸ ನನಗೇ ಕೊಡಿ ಅಂತ ಮೇಲ್ವಿಚಾರಕಿಗೆ ದುಂಬಾಲು ಬಿದ್ದೆ," ಎಂದು ಪಿಸುಗುಟ್ಟಿದಳು. "ತಗೊಳ್ಳಿ, ಇದು ನಿಜವಾದ ಕಾಫಿ. ಕೈ ಯಾಕೆ ಇಷ್ಟು ತಣ್ಣಗಿದೆ? ಹೆದರಬೇಡಿ, ಸನದು ಸಿಗುತ್ತೆ." ಆಮೇಲೆ ಗಾಡಿಯ ಕೆಳಗಿನಿಂದ ಒಂದು ಕಾಗದದ ಚೀಲ ತೆಗೆದು ವಿಲ್ಮಾಳ ಕುರ್ಚಿಯಡಿ ಇಟ್ಟಳು. "ಟೇವಿಯ ಶಾಲೆ ಸ್ವೆಟರ್. ಬೇರೆ ಮಗುಗೆ ಆಗುತ್ತೆ."

ಅಂಕಗಳನ್ನು ಪರದೆಯ ಮೇಲೆ ತೋರಿಸಿದರು. ನಂತರ ಅಧ್ಯಕ್ಷರು, ಸಾರ್ವಜನಿಕರಲ್ಲಿ ಯಾರಾದರೂ ಮಾತಾಡುವುದಿದ್ದರೆ ಮೂರು ನಿಮಿಷ ಸಮಯವಿದೆ ಎಂದರು. ಒಡೆಸ್ಸಾ ಏಪ್ರನ್ ಬಿಚ್ಚಿ, ಮಡಿಸಿ, ಗಾಡಿಯ ಮೇಲಿಟ್ಟು ಮೈಕಿನ ಹತ್ತಿರ ಬಂದಳು.

"ನಾಲ್ಕು ವರ್ಷದ ಹಿಂದೆ ಇಲ್ಲೇ ನಿಂತು ಮಾತಾಡಿದ್ದೆ," ಎಂದಳು ಒಡೆಸ್ಸಾ. "ನನ್ನ ಮೊಮ್ಮಗಳು ಈಗ ಆ ಶಾಲೇಲಿ ಇಲ್ಲ. ಆದ್ರೂ ಬಂದಿದೀನಿ, ಯಾಕೆ ಗೊತ್ತಾ? ಅವಳಿಗೆ ಓದು ಹತ್ತಲಿಲ್ಲ. ಬೇರೆ ಕಡೆ ಆಗಿದ್ರೆ ಹಿಂದಿನ ಬೆಂಚಲ್ಲಿ ಕೂರಿಸಿ ಸುಮ್ಮನಾಗ್ತಿದ್ರು. ನನ್ನನ್ನೂ ಹಾಗೇ ಕೂರಿಸಿದ್ರು, ಎಂಟು ವರ್ಷ. ಇವರು ನನ್ನನ್ನ ಕರೆಸಿ, ಎದುರು ಕೂತು, ಇರೋದನ್ನ ಇದ್ದ ಹಾಗೆ ಹೇಳಿದ್ರು. ನನಗೆ ಯಾವ ಶಾಲೆಯವರೂ ನಿಜ ಹೇಳಿರಲಿಲ್ಲ. ಇವರು ಹೇಳಿದ್ರು. ಅಷ್ಟೇ ನನ್ನ ಮಾತು."

ಯಾರೋ ಚಪ್ಪಾಳೆ ಶುರು ಮಾಡಿದರು. ಮಂಡಳಿಯ ಹಿರಿಯ ಸದಸ್ಯೆಯೊಬ್ಬಳು ಕನ್ನಡಕ ತೆಗೆದು ಒರೆಸಿಕೊಂಡಳು. ಅಧ್ಯಕ್ಷರು ವಿಲ್ಮಾಳ ಕಡೆ ತಿರುಗಿದರು. "ಡಾಕ್ಟರ್ ಡೆಕ್ಕರ್, ನೀವು ಏನಾದರೂ ಸೇರಿಸೋದಿದೆಯಾ?"

ವಿಲ್ಮಾ ಎದ್ದು ನಿಂತಳು. ಮೈಕು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಕರ್ಟಿಸ್ ನೆಲ ನೋಡುತ್ತಿದ್ದ. ಗಾಡಿಯ ಹಿಂದೆ ಮತ್ತೆ ಏಪ್ರನ್ ಕಟ್ಟಿಕೊಳ್ಳುತ್ತಿದ್ದ ಒಡೆಸ್ಸಾ, ಹೇಳಿ ಹೇಳಿ ಎಂಬಂತೆ ಗದ್ದ ಎತ್ತಿದಳು.

"ಇಲ್ಲ," ಎಂದಳು ವಿಲ್ಮಾ. "ಏನೂ ಇಲ್ಲ. ಥ್ಯಾಂಕ್ಸ್."

ಸನದು ಇನ್ನು ಐದು ವರ್ಷಕ್ಕೆ ಸಿಕ್ಕಿತು. ಎಲ್ಲರೂ ಕೈ ಎತ್ತಿದ್ದರು.

*

ವಿಲ್ಮಾ ಕಾರಿನಲ್ಲಿ ಕುಳಿತು ಚೀಲ ತೆರೆದಳು. ಕಡುನೀಲಿ ಸ್ವೆಟರ್ ಒಗೆದು ಇಸ್ತ್ರಿಯಾಗಿತ್ತು. ಕಳೆದುಹೋಗಿದ್ದ ಮೂರನೇ ಗುಂಡಿಯ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಬಣ್ಣದ ಬೇರೊಂದು ಗುಂಡಿ. ಕುತ್ತಿಗೆಯ ಒಳಗೆ ಹೊಲಿದಿದ್ದ ಹೆಸರಿನ ಪಟ್ಟಿಯನ್ನು ಒಡೆಸ್ಸಾ ಬಿಚ್ಚಿ ತೆಗೆದಿದ್ದಳು, ಮುಂದೆ ಹಾಕಿಕೊಳ್ಳುವ ಮಗುವಿಗೆ ಇನ್ನೊಬ್ಬರ ಹೆಸರು ಚುಚ್ಚದಿರಲೆಂದು. ಸೂಜಿಯ ತೂತುಗಳು ಸಾಲಾಗಿ ಉಳಿದಿದ್ದವು. ವಿಲ್ಮಾ ಅವುಗಳ ಮೇಲೆ ಬೆರಳಾಡಿಸಿದಳು. ಕರ್ಟಿಸ್ ಕಿಟಕಿ ತಟ್ಟಿ, "ಎಲ್ಲರೂ ಪಿಜ್ಜಾ ತಿನ್ನೋಕೆ ಹೋಗ್ತಿದ್ದಾರೆ ಮೇಡಂ, ಬನ್ನಿ," ಎಂದ. ತಲೆ ನೋವು ಎಂದು ಹೇಳಿ ಗಾಡಿ ಹೊರಡಿಸಿದಳು.

ಶಾಲೆಯ ದಾರಿ ಹಿಡಿಯಬೇಕಾದ ತಿರುವು ದಾಟಿತು. ಅವಳು ತಿರುಗಲಿಲ್ಲ.

ಒಡೆಸ್ಸಾಳ ಮನೆಯ ಮುಂದಿನ ಸಿಮೆಂಟ್ ಮೆಟ್ಟಿಲ ಮೇಲೆ ಟೇವಿಯಾ ಒಬ್ಬಳೇ ಕುಳಿತಿದ್ದಳು. ಪಕ್ಕದ ಮನೆಯ ಜಗುಲಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಮುದುಕನೊಬ್ಬ ಅವಳ ಮೇಲೆ ಕಣ್ಣಿಟ್ಟಿದ್ದ. ಕಾರು ಕಂಡು ಹುಡುಗಿ ಎದ್ದಳು.

"ಅಜ್ಜಿ ಇನ್ನೂ ಬಂದಿಲ್ಲ. ನಾಲ್ಕೂವರೆ ಬಸ್ಸಿಗೆ ಬರ್ತಾರೆ."

"ಕಾಯ್ತೀನಿ," ಎಂದಳು ವಿಲ್ಮಾ. "ಹೊಸ ಶಾಲೆ ಹೇಗಿದೆ ಟೇವಿ?"

"ಪರವಾಗಿಲ್ಲ. ಓದಿಸೋ ಟೀಚರ್ ಮಂಗಳವಾರ ಬರ್ತಾರೆ. ಕೆಲವು ಮಂಗಳವಾರ ಬರಲ್ಲ." ಅವಳು ವಿಲ್ಮಾಳ ಕೈಯಲ್ಲಿದ್ದ ಚೀಲ ನೋಡಿದಳು, ಆಮೇಲೆ ಮುಖ ನೋಡಿದಳು. "ಪರೀಕ್ಷೆ ಮುಗೀತಾ?"

"ಯಾವ ಪರೀಕ್ಷೆ?"

"ನಿಮ್ಮ ಶಾಲೆದು. ಮುಗಿದ್ರೆ ನಾನು ವಾಪಸ್ ಬರಬಹುದಾ?"

ತಾನು ಕೇಳಿದ್ದು ವಿಲ್ಮಾಳಿಗೆ ಸರಿಯಾಗಿ ತಿಳಿಯಲಿಲ್ಲವೇನೋ ಎಂದು ಹುಡುಗಿಗೆ ಅನಿಸಿರಬೇಕು. ಬಿಡಿಸಿ ಹೇಳತೊಡಗಿದಳು. "ಮಿಸ್ಟರ್ ಲೋಮ್ಯಾಕ್ಸ್ ಹತ್ರ ಒಂದು ಹಾಳೆ ಇತ್ತಲ್ಲ, ಕೆಂಪು ಚುಕ್ಕಿದು. ಬಿಸ್ಕತ್ತು ಕೇಳೋಕೆ ಹೋದಾಗ ನೋಡಿದ್ದೆ. ನನ್ನ ಹೆಸರು ನನಗೆ ಓದಕ್ಕೆ ಬರುತ್ತೆ. ಡಾಂಟೆ, ಮರಿಸೋಲ್, ಆಮೇಲೆ ಆ ಕೆಂಚುಗೂದಲಿನವನು. ಪರೀಕ್ಷೆಗೆ ಮುಂಚೆ ಚುಕ್ಕಿ ಇದ್ದೋರೆಲ್ಲ ಹೋದ್ವಿ."

"ಅಜ್ಜಿಗೆ ಹೇಳಿದ್ಯಾ?"

ಟೇವಿಯಾ ತಲೆಯಾಡಿಸಿದಳು, ಇಲ್ಲ ಎಂದು. "ಅಜ್ಜಿಗೆ ನೀವು ಅಂದ್ರೆ ತುಂಬಾ ಇಷ್ಟ. ಸುಮ್ನೆ ಬೇಜಾರಾಗುತ್ತೆ."

ಪಕ್ಕದ ಜಗುಲಿಯಲ್ಲಿ ಬಟಾಣಿ ಕಾಳುಗಳು ಬೋಗುಣಿಗೆ ಬೀಳುತ್ತಿದ್ದವು. ನಾಲ್ಕು ತಿಂಗಳು. ಎಂಟು ವರ್ಷದ ಮಗು ನಾಲ್ಕು ತಿಂಗಳು ಇದನ್ನು ಒಬ್ಬಳೇ ಇಟ್ಟುಕೊಂಡಿದ್ದಳು.

ವಿಲ್ಮಾ ಕುಳಿತುಕೊಳ್ಳಲು ಬಾಗಿದಳು.

"ತಾಳಿ, ಮೆಟ್ಟಿಲು ಕಾದಿದೆ," ಎಂದು ಟೇವಿಯಾ ತನ್ನ ಶಾಲೆಯ ಚೀಲವನ್ನು ಕೊಡವಿ, ಪಟ್ಟಿಗಳನ್ನು ಒಳಗೆ ಮಡಚಿ, ಹಾಸಿ ಕೊಟ್ಟಳು. "ಈಗ ಕೂತ್ಕೊಳ್ಳಿ."

ವಿಲ್ಮಾ ಕುಳಿತಳು. ಚೀಲದೊಳಗಿನ ಪುಸ್ತಕದ ಮೂಲೆ ಒತ್ತುತ್ತಿತ್ತು. ಸರಿದು ಕೂರಲಿಲ್ಲ. "ಬರಬಹುದು ಟೇವಿ," ಎಂದಳು. "ಸೆಪ್ಟೆಂಬರಿಗೆ. ನೀನು ಬರಬಹುದು, ಆ ಮೂವರೂ ಬರಬಹುದು. ಆದ್ರೆ ಅದಕ್ಕೆ ಮೊದಲು ನಾನು ನಿಮ್ಮ ಅಜ್ಜಿಗೆ ಒಂದು ವಿಷಯ ಹೇಳ್ಬೇಕು. ನಾಳೆ ಇನ್ನೂ ಕೆಲವರಿಗೆ ಹೇಳ್ಬೇಕು."

"ಅಜ್ಜಿ ಅಳ್ತಾರಾ?"

"ಗೊತ್ತಿಲ್ಲಮ್ಮ. ಬಯ್ಯಬಹುದು."

"ಬಯ್ದ್ರೆ ಸುಮ್ನಿದ್ಬಿಡಿ," ಎಂದು ಹುಡುಗಿ ಅನುಭವಸ್ಥಳಂತೆ ಹೇಳಿದಳು. "ಮಧ್ಯ ಮಾತಾಡಿದ್ರೆ ಜಾಸ್ತಿಯಾಗುತ್ತೆ."

ಬೀದಿಯ ಕೊನೆಯಲ್ಲಿ ಬಸ್ಸು ನಿಂತು, ಉಸಿರು ಬಿಟ್ಟು, ಹೊರಟಿತು. ಅದು ಸರಿದ ಮೇಲೆ, ಕೆಲಸದ ಬಿಳಿ ಬೂಟುಗಳಲ್ಲಿ, ನೋಯುವ ಕಾಲನ್ನು ಸ್ವಲ್ಪ ಎಳೆಯುತ್ತ ಒಡೆಸ್ಸಾ ಈ ಕಡೆ ನಡೆದು ಬರುವುದು ಕಂಡಿತು. ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಸಭೆಯಲ್ಲಿ ಉಳಿದ ಕೇಕು ಇರಬೇಕು. ಮನೆಯ ಮುಂದಿನ ಕಾರನ್ನು ಗುರುತಿಸಿ ನಿಂತಳು. ಮೆಟ್ಟಿಲ ಮೇಲಿದ್ದವಳನ್ನು ಕಂಡು ಅವಳ ಮುಖವೆಲ್ಲ ಅರಳಿತು. ಪೆಟ್ಟಿಗೆಯನ್ನು ಒಂದು ಕೈಗೆ ಬದಲಿಸಿಕೊಂಡು, ಇನ್ನೊಂದನ್ನು ಮೇಲೆತ್ತಿ ಜೋರಾಗಿ ಬೀಸಿದಳು.

ವಿಲ್ಮಾ ಎದ್ದು ನಿಂತಳು. ಚೀಲದಿಂದ ತೆಗೆದ ಸ್ವೆಟರನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ತಿರುಗಿ ಬೀಸಲು ಅವಳ ಕೈ ಖಾಲಿ ಇರಲಿಲ್ಲ.