ಲಂಗಿಲಂಗಿಯೋ ಕೇದಿಗೆಯೋ

ನನ್ನ ತಮ್ಮ ಮ್ಸೆಲ್ಲೆಮ್ ತೀರಿಕೊಂಡ ಮೇಲೆ ಅವನ ಹೆಂಡತಿ ರಾಯಾ ಇದ್ದತ್ ಎಂಬ ವಿಧವೆಯ ಶೋಕಕ್ಕೆ ಕೂತಿದ್ದಳು. ಅದು ಮುಗಿಯುವ ತನಕ ಬಣ್ಣದ ಬಟ್ಟೆ ಇಲ್ಲ, ಪರಿಮಳ ಮೈಗೆ ತಾಕಿಸುವ ಹಾಗಿಲ್ಲ. ಜಂಜಿಬಾರಿನ ಹೆಂಗಸು ಊಟವನ್ನಾದರೂ ಬಿಟ್ಟಾಳು, ಅತ್ತರು ಬಿಡುವುದೆಂದರೆ ಸುಮ್ಮನೆಯೇ? ಇವತ್ತು ಅದು ಮುಗಿಯಿತು. ಸ್ನಾನ ಮಾಡಿಸಿ, ಹೊಸ ಕಾಂಗಾ ಉಡಿಸಿ, ಸುಗಂಧ ಹಚ್ಚಿ ಅವಳನ್ನು ಹೆಂಗಸರ ನಡುವೆ ಕರೆತರುವುದು ಗಂಡನ ಅಕ್ಕನಾದ ನನ್ನ ಕೆಲಸ.

ಬೆಳಿಗ್ಗೆಯೇ ಅತ್ತರಿನ ಶಾಮೆ ಮುದುಕನ ಅಂಗಡಿಗೆ ಹೋಗಿ ಎರಡು ಸೀಸೆ ತಂದಿದ್ದೆ. ಒಂದು ಲಂಗಿಲಂಗಿ ಹೂವಿನ ಎಣ್ಣೆ, ರಾಯಾ ಮದುವೆಯಾದಂದಿನಿಂದ ಹಚ್ಚಿಕೊಂಡದ್ದು. ಇನ್ನೊಂದು ಕೇದಿಗೆ, ಅವಳು ಹುಡುಗಿಯಾಗಿದ್ದಾಗ ಹಚ್ಚುತ್ತಿದ್ದದ್ದು. ಪರಿಮಳದಲ್ಲಿ ಎರಡೂ ಗಟ್ಟಿಗಿತ್ತಿಯರೇ. ಒಬ್ಬರಿಗೆ ಪ್ರಾಣ, ಇನ್ನೊಬ್ಬರಿಗೆ ತಲೆಶೂಲೆ.

ರಾಯಾಳ ಕೈ ನೇರ ಲಂಗಿಲಂಗಿಗೆ ಹೋಯಿತು.

"ನಿಂಗೆ ಅದು ಸೇರಲ್ವಲ್ಲೇ! ಮದುವೆಯಾದ ಮಾರನೇ ದಿನವೇ ಹೊಟ್ಟೆ ತೊಳಸುತ್ತೆ ಅಂತ ನನ್ನ ಮುಂದೆ ಅತ್ತಿದ್ದೆ."

"ಅವರಿಗೆ ಇಷ್ಟ ಇತ್ತಲ್ಲ, ಅತ್ತಿಗೆ."

"ಇಷ್ಟ ಅಂತ ಅವ್ನು ಬಾಯಿಬಿಟ್ಟು ಹೇಳಿದ್ನಾ?"

"ಸೋಮೋ ಹಚ್ಚಿದ್ದು. ಅದ್ರಲ್ಲಿ ಹೇಳೋದೇನಿದೆ?"

ಪೀಡೆ ಇರುವುದೇ ಅಲ್ಲಿ. ಮದುಮಗಳಿಗೆ ಸಂಸಾರದ ಪಾಠ ಹೇಳುವ ಸೋಮೋ ಮುದುಕಿ ಮೊದಲ ದಿನ ಯಾವ ಪರಿಮಳ ಹಚ್ಚುತ್ತಾಳೋ ಅದೇ ಕೊನೆತನಕ. ಹೆಂಡತಿ ಅದನ್ನು ಬದಲಾಯಿಸಿದರೆ ಅವಳಿಗೆ ಗಂಡನ ಮೇಲೆ ಮನಸ್ಸಿಲ್ಲ ಎಂದರ್ಥ. ಗಂಡ ಆ ಪರಿಮಳ ಬೇಡವೆಂದರೆ ಹೆಂಡತಿಯೇ ಬೇಡವೆಂದರ್ಥ. ಆ ಮುದುಕಿ ಎಂದೋ ಮಣ್ಣಾದಳು. ಅವಳ ಎಣ್ಣೆ ಮಾತ್ರ ಈ ಮನೆ ಬಿಟ್ಟು ತೊಲಗಲಿಲ್ಲ.

ಶಾಮೆ ಹೇಳಿದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಳ್ಳೋಣವೆಂದೇ ಬಂದಿದ್ದೆ. ಆದರೆ ಸಾಯುವ ತನಕ ಇವಳು ಆ ವಾಸನೆ ಹೊತ್ತು ತಿರುಗಬೇಕೇ ಎಂದು ಸಿಟ್ಟು ನೆತ್ತಿಗೇರಿತು.

"ಕೇಳಿಲ್ಲಿ. ಅವ್ನು ಅಂಗಡೀಲಿ ಮೂಗಿಗೆ ಬಟ್ಟೆ ಹಿಡ್ಕೊಂಡೇ ಈ ಸೀಸೆ ಇಸ್ಕೊಳ್ತಿದ್ನಂತೆ. 'ತಲೆ ಸಿಡಿಯುತ್ತೆ ಅಜ್ಜ, ಏನ್ಮಾಡ್ಲಿ, ನಮ್ಮವಳಿಗೆ ಇದೇ ಪ್ರಾಣ' ಅಂತಿದ್ನಂತೆ. ಶಾಮೆ ಇವತ್ತು ಹೇಳ್ದ."

ರಾಯಾ ನಕ್ಕಳು. ಸದ್ಯ, ಹಗುರಾದಳು ಎಂದುಕೊಂಡು ನಾನೂ ನಕ್ಕೆ. ಕೇದಿಗೆಯ ಬಿರಡೆ ತೆಗೆದು ಅವಳ ಮಣಿಕಟ್ಟು ಹಿಡಿದೆ.

"ಅತ್ತಿಗೆ, ನಾನು ಹೋಗಿ ಪಕ್ಕದಲ್ಲಿ ಮಲಗಿದ ಕೂಡ್ಲೇ ಅವರು ಆ ಕಡೆ ತಿರುಗ್ತಿದ್ರು. ಒಂದು ದಿನಾನೂ ತಪ್ಪಿಲ್ಲ. ನಾನೇ ಅವರಿಗೆ ಬೇಡ ಅಂದ್ಕೊಂಡಿದ್ದೆ."

ಯಾಕಾದರೂ ಹೇಳಿದೆನೋ ಅನ್ನಿಸಿತು. ಹೊರಗೆ ಹೆಂಗಸರು ಕರೆಯುತ್ತಿದ್ದರು. ರಾಯಾ ಕೈ ಬಿಡಿಸಿಕೊಂಡು ಎರಡೂ ಸೀಸೆಗಳನ್ನು ನನ್ನ ಕಡೆಗೆ ತಳ್ಳಿದಳು.

"ಅದಕ್ಕೇ ಮಾರನೇ ದಿನ ಇನ್ನೂ ಒಂಚೂರು ಜಾಸ್ತಿ ಹಚ್ಕೋತಿದ್ದೆ," ಎಂದಳು.